ಕುರಿಗುಡ್ಡದ ಸನ್‌ಸೆಟ್ ಪಾಯಿಂಟ್

ಆ ಫೋಟೋ ತೆಗೆದದ್ದು ಬೆಳಿಗ್ಗೆಯೋ ಸಂಜೆಯೋ ಎಂಬುದು ನನಗೆ ಖಚಿತವಿರಲಿಲ್ಲ. ಖಚಿತವಿದೆ ಎಂದು ಒಮ್ಮೆ ಒಂದು ಮನೆಯ ತುಂಬ ಜನರ ಮುಂದೆ ಹೇಳಿದ್ದೇನೆ. ಆದರೆ ಅವತ್ತು ನೆನಪಿನಿಂದ ಹೇಳಿದೆನೋ, ಹೇಳಲೇಬೇಕಾಗಿ ಬಂದದ್ದರಿಂದ ಹೇಳಿದೆನೋ ಎಂಬುದು ಆಮೇಲೆ ಎಷ್ಟು ಕೆದಕಿದರೂ ತಿಳಿಯಲಿಲ್ಲ. ನನ್ನ ತಲೆಯಲ್ಲಿ ಎರಡೂ ಇವೆ. ಒಂದರಲ್ಲಿ ಹುಲ್ಲಿನ ನೀರಿಗೆ ನೆಂದ ಪ್ಯಾಂಟಿನ ಅಂಚು, ಫ್ಲಾಸ್ಕಿನ ಕಾಫಿ, ನಿದ್ದೆ ಪೂರ್ತಿ ಬಿಡದ ರೂಪಾಳ ಕಣ್ಣು. ಇನ್ನೊಂದರಲ್ಲಿ ಊರಿನ ಕಡೆ ಇಳಿಯುತ್ತಿರುವ ಕುರಿಗಳು, ಕೆಳಗೆ ಹಾದುಹೋಗುವ ರೈಲಿನ ದೀಪ ಹತ್ತಿದ ಕಿಟಕಿಗಳು, ಅವಳ ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೆಳಕು. ಎರಡೂ ಒಂದೇ ಬಂಡೆಯ ಮೇಲೆ ನಡೆದಂತಿವೆ. ಎರಡೂ ಅಷ್ಟೇ ನಿಜದಂತಿವೆ. ಒಂದು ಮಾತ್ರ ನಿಜವಿರಬೇಕು.

ಈ ವರ್ಷದ ಆಷಾಢದಲ್ಲಿ ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆ ಬೈಕಿನಲ್ಲಿ ಹೋಗುತ್ತಿದ್ದೆ. ಮಾಕಳಿದುರ್ಗ ದಾಟುವ ಹೊತ್ತಿಗೆ, ಹುಣಸೆ ಮರಕ್ಕೆ ಮೊಳೆ ಹೊಡೆದ ಒಂದು ತಗಡಿನ ಬೋರ್ಡು ಕಾಣಿಸಿತು. 'ಸನ್‌ಸೆಟ್ ಪಾಯಿಂಟ್' ಎಂದು ಬರೆದು, ಮಣ್ಣಿನ ದಾರಿಯ ಕಡೆಗೆ ಬಾಣ ಹಾಕಿದ್ದರು. ಬೈಕು ನಿಲ್ಲಿಸಿದೆ. ಮಧ್ಯಾಹ್ನದ ಮಳೆಗೆ ನೆಂದ ಬಂದರೆ ಗಿಡದ ಸೊಪ್ಪಿನ ಖಾರ ವಾಸನೆ ಗಾಳಿಯಲ್ಲಿತ್ತು. ಆ ವಾಸನೆ ಬಂದರೆ ಈಗಲೂ ನನಗೆ ಯಾರೋ 'ಇನ್ನೂ ಹತ್ರ, ಇನ್ನೂ ಸ್ವಲ್ಪ ಹತ್ರ' ಅಂದಂತಾಗುತ್ತದೆ.

ಹಾಗೆ ಅನ್ನುತ್ತಿದ್ದವನು ಮಂಜ. ನನ್ನ ಜೊತೆ ಹೈಸ್ಕೂಲು ಓದಿದವನು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಬೀದಿ ಮುಗಿಯುವಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಕೊರೊನಾ ಕಳೆದ ಮೇಲಿನ ವರ್ಷ ಅದು. ತಡೆದಿದ್ದ ಮದುವೆಗಳೆಲ್ಲ ಒಮ್ಮೆಗೇ ನುಗ್ಗಿ ಬಂದಿದ್ದವು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಿದ್ದೆ. ಆ ವರ್ಷ ಕಾಲೇಜಿನವರು ಮತ್ತೆ ಕರೆಯಲಿಲ್ಲ. ಮಂಜ ಕರೆದ.

"ನಿನಗೆ ಹಳೇ ಕೋಟೆ, ಕಲ್ಲು, ಬೆಟ್ಟ ಎಲ್ಲಾ ಗೊತ್ತು ಗುರು. ನನಗೆ ಬೇಕಿರೋದೂ ಅಷ್ಟೇ. ಜನ ನಂದಿ ನೋಡಿ ನೋಡಿ ಬೇಜಾರಾಗವ್ರೆ. ಯಾರೂ ನೋಡ್ದೇ ಇರೋ ಜಾಗ ಹುಡುಕ್ಕೊಡು."

"ಯಾತಕ್ಕೆ?"

"ಗಂಡು ಹೆಣ್ಣು ನಿಲ್ಸಕ್ಕೆ ಕಣಲಾ. ಇನ್ಯಾತಕ್ಕೆ."

ಮದುವೆಗೆ ಮುಂಚೆ ಗಂಡು ಹೆಣ್ಣನ್ನು ಬೆಟ್ಟಕ್ಕೆ ಕರೆದೊಯ್ದು ಫೋಟೋ ತೆಗೆಸುವುದು ಆಗ ನಮ್ಮ ಹಳ್ಳಿಗಳಿಗೂ ಬಂದಿತ್ತು. ಚಪ್ಪರದಷ್ಟೇ ಅದೂ ಅಗತ್ಯ ಎನ್ನುವ ಹಾಗಾಗಿತ್ತು. ನನ್ನ ಕೆಲಸ ಮುಂಚಿತವಾಗಿ ಹೋಗಿ ಜಾಗ ಆರಿಸುವುದು. ಆ ಮಳೆಗಾಲದಲ್ಲಿ ನಾನು ಹತ್ತಿದಷ್ಟು ಬೆಟ್ಟ ಆಮೇಲೆ ಹತ್ತಿಲ್ಲ. ಹುಲುಕುಡಿಯಲ್ಲಿ ಗಾಳಿ ಚೆನ್ನಾಗಿತ್ತು, ಆದರೆ ಮೆಟ್ಟಿಲು ಹತ್ತಿ ಬಂದ ಮದುಮಗಳ ಮೇಕಪ್ಪು ಉಳಿಯುತ್ತಿರಲಿಲ್ಲ. ಶಿವಗಂಗೆಯಲ್ಲಿ ನೋಟ ಅದ್ಭುತ, ಆದರೆ ಸ್ಲೀವ್‌ಲೆಸ್ ಗೌನು ಕಂಡರೆ ಪೂಜೆಗೆ ಬಂದ ಹೆಂಗಸರು ಗದರುತ್ತಿದ್ದರು. ಮಾಕಳಿಯಲ್ಲಿ ಅರಣ್ಯದವರು ಬಿಡುತ್ತಿರಲಿಲ್ಲ. ಒಡೆದ ಬಾಟಲಿ ಇರಬಾರದು, ಕಾರು ಹತ್ತಿರ ಬರಬೇಕು, ಬಟ್ಟೆ ಬದಲಿಸಲು ಒಂದು ಬಂಡೆ ಮರೆಯಿರಬೇಕು, ಹಿಂದೆ ಹೈಟೆನ್ಷನ್ ಕಂಬ ಕಾಣಬಾರದು. ಒಂದು ಕಾಲಕ್ಕೆ ಪಾಳೇಗಾರರ ಬುರುಜು ಎಂದು ಟಿಪ್ಪಣಿ ಮಾಡಿಕೊಂಡಿದ್ದ ಕಲ್ಲುಗಳ ಮುಂದೆ ನಿಂತು, ಇದರ ಮೇಲೆ ಹುಡುಗಿ ಕಾಲು ಇಳಿಬಿಟ್ಟು ಕೂತರೆ ಹೇಗೆ ಕಾಣುತ್ತಾಳೆ ಎಂದು ಯೋಚಿಸುವುದನ್ನು ಕಲಿತೆ. ಬಹಳ ಬೇಗ ಕಲಿತೆ. ಬೆಟ್ಟವೆಂದರೆ ಬೇರೆಯವರ ಬೆನ್ನ ಹಿಂದೆ ಇರುವ ವಸ್ತು ಎಂದಾಯಿತು.

ಆಷಾಢದಲ್ಲಿ ಗಂಡು ಹೆಣ್ಣು ಯಾರೂ ಬರುತ್ತಿರಲಿಲ್ಲ. ಮದುವೆ ಗೊತ್ತಾದವರನ್ನೂ ಆ ತಿಂಗಳು ಒಟ್ಟಿಗೆ ನಿಲ್ಲಿಸಲು ಮನೆಯವರು ಒಪ್ಪುವುದಿಲ್ಲ. ಆದರೆ ಶ್ರಾವಣದ ಬುಕಿಂಗು ಹಿಡಿಯಲು ಹೊಸ ಜಾಗಗಳ ಮಾದರಿ ಫೋಟೋ ಬೇಕು. ಹಳೆಯ ಗಿರಾಕಿಗಳು ತಮ್ಮ ಫೋಟೋ ಗೋಡೆಗೆ ಹಾಕಲು ಬಿಡುವುದಿಲ್ಲ. ಅದಕ್ಕೆ ಮಂಜನ ಉಪಾಯ: ಗಂಡಿನ ಜಾಗದಲ್ಲಿ ನಾನು, ಹೆಣ್ಣಿನ ಜಾಗದಲ್ಲಿ ರೂಪಾ.

ರೂಪಾ ಮದುಮಗಳಿಗೆ ಮೇಕಪ್ ಮಾಡುವವಳು. ತಂದೆ ಇಲ್ಲ. ತಾಯಿಯ ಜೊತೆ ದೇವನಹಳ್ಳಿ ರಸ್ತೆಯ ಹಳ್ಳಿಯೊಂದರಲ್ಲಿ ಸೋದರಮಾವ ಕೃಷ್ಣಪ್ಪನವರ ಮನೆಯಲ್ಲಿದ್ದಳು. ಮಂಜನ ಸ್ಟುಡಿಯೋ ಪಕ್ಕದ ಓಣಿಯಲ್ಲಿ ಒಂದು ಕೋಣೆಯ ಪಾರ್ಲರ್ ನಡೆಸುತ್ತಿದ್ದಳು. ಗೋಡೆಯಾಚೆ ಮಗ್ಗಗಳು ಸದಾ ಬಡಿಯುತ್ತಿದ್ದುದರಿಂದ ಅವಳಿಗೆ ಎಲ್ಲೇ ಇದ್ದರೂ ಸ್ವಲ್ಪ ಜೋರಾಗಿ ಮಾತಾಡುವ ಅಭ್ಯಾಸ. ಬೆಟ್ಟದ ಮೇಲೂ ಹಾಗೇ.

"ಮೇಷ್ಟ್ರೇ, ಗಂಡಿನ ತರ ನಿಂತ್ಕೊಳಿ. ಎಕ್ಸಾಮ್ ಡ್ಯೂಟಿಲಿ ನಿಂತಂಗೆ ನಿಂತಿದೀರ."

"ಕಾಪಿ ಹೊಡೀತಿದೀಯ ಅಂತ ಅನುಮಾನ," ಎಂದೆ.

"ನಿಮಗೆ ಯಾವ್ದರ ಮೇಲೆ ಅನುಮಾನ ಇಲ್ಲ ಹೇಳಿ," ಅಂದಳು.

ಮಂಜನನ್ನು ಅವಳು ಮಂಜಣ್ಣ ಅನ್ನುತ್ತಿದ್ದಳು. ನಮ್ಮ ಕಡೆ ಪರಿಚಯದ ಗಂಡಸನ್ನು ಹೆಣ್ಣುಮಕ್ಕಳು ಅಣ್ಣ ಎಂದು ಕರೆದು ಮೊದಲೇ ಒಂದು ಬೇಲಿ ಹಾಕಿಕೊಳ್ಳುತ್ತಾರೆ. ನನ್ನನ್ನು ಮಾತ್ರ ಮೇಷ್ಟ್ರೇ ಅನ್ನುತ್ತಿದ್ದಳು. ಈ ಒಂದು ವ್ಯತ್ಯಾಸದ ಮೇಲೆ ನಾನು ಆ ಮಳೆಗಾಲ ಏನೇನೋ ಕಟ್ಟಿಕೊಂಡೆ. ಇಷ್ಟು ಸಣ್ಣ ಆಧಾರದ ಮೇಲೆ ಯಾವ ವಿದ್ಯಾರ್ಥಿಯಾದರೂ ಪ್ರಬಂಧ ಬರೆದು ತಂದಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ.

ಕೃಷ್ಣಪ್ಪನವರ ಮನೆಯಲ್ಲಿ ಅವಳಿಗೆ ಒಂದೇ ಕಟ್ಟಳೆ. ಬೆಳಗಿನ ಜಾವ ಎಷ್ಟು ಹೊತ್ತಿಗೆ ಬೇಕಾದರೂ ಹೊರಡಬಹುದು. ಮುಹೂರ್ತಗಳು ಮುಂಜಾನೆಯೇ ಇರುತ್ತವೆ, ಮದುಮಗಳು ಕತ್ತಲಲ್ಲೇ ಎದ್ದು ಕೂರುತ್ತಾಳೆ, ಆದ್ದರಿಂದ ಅದು ಕೆಲಸ. ಆದರೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಬೆಳಗಿನ ಕತ್ತಲಿಗೂ ಸಂಜೆಯ ಕತ್ತಲಿಗೂ ಇರುವ ಈ ಅಂತರ ನನಗೆ ಆಗ ತಮಾಷೆಯಾಗಿ ಕಂಡಿತ್ತು.

ಕುರಿಗುಡ್ಡ ಸಿಕ್ಕಿದ್ದು ಆಷಾಢದ ಕೊನೆಯಲ್ಲಿ. ಅದು ದೊಡ್ಡ ಬೆಟ್ಟವೇನಲ್ಲ. ಸುತ್ತಲ ಹಳ್ಳಿಯವರು ಕುರಿ ಹತ್ತಿಸುವ ಗುಡ್ಡ. ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ, ಎರಡೂ ಕಡೆ ಬಯಲು, ದೂರದಲ್ಲಿ ಬೆಟ್ಟಗಳು. ಫೋಟೋ ತೆಗೆದ ದಿನವನ್ನು ನಾನು ಬೆಳಗಿನದೆಂದೇ ಬರೆಯುತ್ತೇನೆ, ರೂಪಾ ಹಾಗೆ ಹೇಳಿದ್ದರಿಂದ. ಮೋಡ ಕವಿದಿತ್ತು. ಗಾಳಿಗೆ ಅವಳ ಗೌನಿನ ಬಾಲ ಹಾರಿ ನನ್ನ ಮುಖಕ್ಕೆ ಸುತ್ತಿಕೊಳ್ಳುತ್ತಿತ್ತು. ಅದು ಬಾಡಿಗೆಯ ಗೌನು, ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿದ್ದಳು. ಮಂಜ ಕೆಳಗೆ ಮಲಗಿಕೊಂಡು ಕ್ಯಾಮೆರಾ ಹಿಡಿದಿದ್ದ.

"ಶ್ಯಾಡೋ ತರ ಬರುತ್ತೆ ರೂಪಾ, ಮುಖ ಗೊತ್ತಾಗಲ್ಲ. ಇನ್ನೂ ಹತ್ರ ಗುರು. ಇನ್ನೂ ಸ್ವಲ್ಪ ಹತ್ರ. ಕಚ್ಚಲ್ಲ ಅವಳು."

ನಮ್ಮ ಹಣೆಗಳ ನಡುವೆ ಒಂದು ಗೇಣು ಜಾಗವಿತ್ತು. ಆ ಜಾಗದಲ್ಲಿ, ದೂರದ ಎರಡು ಬೆಟ್ಟಗಳ ಸಂದಿನಲ್ಲಿ, ಮೋಡ ಒಂದಿಷ್ಟು ಸರಿದು ಸೂರ್ಯ ಕಾಣಿಸಿದ. ಮಂಜ ಎಡೆಬಿಡದೆ ಕ್ಲಿಕ್ಕಿಸಿದ. ಅವಳು ತುಟಿ ಅಲುಗಿಸದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

"ನನಗೆ ಗಂಡು ಗೊತ್ತಾಗ್ತಾ ಐತೆ ಮೇಷ್ಟ್ರೇ. ನಂದಗುಡಿ ಕಡೆಯವ್ರು. ಡೈರಿಲಿ ಕೆಲಸ."

"ಒಳ್ಳೇದಾಯ್ತಲ್ಲ."

"ಮದುವೆ ಆದ್ಮೇಲೂ ಪಾರ್ಲರ್ ನಡೆಸ್ಕೊ ಅಂದ್ರು. ಇಲ್ಲೀಗಂಟ ಬಂದೋರಲ್ಲಿ ಹಂಗಂದೋರು ಇವರೊಬ್ರೇ. ಆ ಒಂದ್ ಮಾತಿಗೆ ಒಪ್ಕೊಂಡೆ."

ಇಷ್ಟು ಮಾತು ಮಾತ್ರ ನನಗೆ ನಿಸ್ಸಂದೇಹವಾಗಿ ನೆನಪಿದೆ. ನನ್ನ ಮುಖದ ಮೇಲೆ ಆಗ ಏನಿತ್ತೋ ಅದೂ ಫೋಟೋದಲ್ಲಿ ಬಿದ್ದಿದೆ. ಮಂಜ ಅದನ್ನೇ ಮೆಚ್ಚಿಕೊಂಡ. "ಇದ್ರಲ್ಲಿ ಫೀಲ್ ಐತೆ ನೋಡು," ಅಂದ.

ಗಣೇಶನ ಹಬ್ಬಕ್ಕೆ ಊರಲ್ಲಿ ಕಂಬಕ್ಕೊಂದು ಫ್ಲೆಕ್ಸ್ ಏಳುತ್ತದೆ. ಮಂಜನೂ ಬಸ್ ನಿಲ್ದಾಣದ ಎದುರಿಗೆ ಒಂದು ಹಾಕಿಸಿದ. ನಾನು ಅದನ್ನು ನೋಡಿದ್ದು ಎಲ್ಲರ ಜೊತೆ, ಕೆಳಗೆ ನಿಂತು ಕತ್ತೆತ್ತಿ. ಮೋಡದ ಬೂದು ಬಣ್ಣವೆಲ್ಲ ಹೋಗಿ ಆಕಾಶ ಉರಿಯುವ ಕಿತ್ತಳೆಯಾಗಿತ್ತು. ಬಣ್ಣ ಏರಿಸುವಾಗ ನೆರಳಿನಲ್ಲಿದ್ದ ಮುಖಗಳೂ ಬೆಳಗಿಬಿಟ್ಟಿದ್ದವು. ಅವಳ ಮೂಗುಬೊಟ್ಟು, ಗಲ್ಲದ ಮಚ್ಚೆ ಎರಡೂ ರಸ್ತೆಯ ಆಚೆ ಬದಿಯಿಂದಲೇ ಕಾಣುತ್ತಿದ್ದವು. ಕೆಳಗೆ ದೊಡ್ಡ ಅಕ್ಷರದಲ್ಲಿ: 'ಸನ್‌ಸೆಟ್ ಸ್ಪೆಷಲ್. ನಿಮ್ಮ ಪ್ರೀತಿಗೆ ನಮ್ಮ ಬೆಳಕು.'

"ಮುಖ ಗೊತ್ತಾಗಲ್ಲ ಅಂದಿದ್ದೆಯಲ್ಲೋ," ಎಂದೆ.

"ಎಡಿಟಿಂಗಲ್ಲಿ ಬಂದ್ಬಿಡ್ತು ಗುರು. ಚೆನ್ನಾಗ್ ಬಂತು, ಬಿಟ್ಟೆ. ಹಬ್ಬ ಆದ್ಮೇಲೆ ಇಳಿಸ್ತೀನಿ, ಅವಳಿಗೆ ನಾನು ಹೇಳ್ತೀನಿ."

ಹಬ್ಬ ಮುಗಿಯುವವರೆಗೆ ಕಾಯಬೇಕಾಗಲಿಲ್ಲ. ರೂಪಾಳಿಗೆ ಗೊತ್ತಾಗಿದ್ದ ಗಂಡಿನ ಅಣ್ಣ ಇಲ್ಲಿನ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಬಸ್ಸಿನ ಕಿಟಕಿಯಿಂದಲೇ ನೋಡಿದ.

ಕೃಷ್ಣಪ್ಪನವರ ಮನೆಗೆ ಮಂಜನನ್ನೂ ನನ್ನನ್ನೂ ಕರೆಸಿದರು. ನಡುಮನೆಯಲ್ಲಿ ಗಂಡಿನ ಕಡೆಯ ಹಿರಿಯರು ಕುರ್ಚಿಗಳ ಮೇಲೆ ಕೂತಿದ್ದರು. ರೂಪಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ತಾಯಿ ಒಳಗಿದ್ದರು, ಕಾಣಿಸಲಿಲ್ಲ. ಯಾರೂ ಕೂಗಾಡಲಿಲ್ಲ. ಗಂಡಿನ ದೊಡ್ಡಪ್ಪ, ಬಿಳಿ ಅಂಗಿಯ ತೆಳ್ಳನೆಯ ಮನುಷ್ಯ, ಬಹಳ ಮೆತ್ತಗೆ ಕೇಳಿದರು.

"ಫೋಟೋ ತೆಗೆಯೋದು ನಿಮ್ ಕಸುಬು, ತಪ್ಪು ಅನ್ನಲ್ಲ. ಮಗು ಕೆಲಸಕ್ಕೆ ಹೋಗುತ್ತೆ, ಅದೂ ಗೊತ್ತು. ಆದ್ರೆ ಹೊತ್ತು ಮುಳುಗೋ ಟೈಮಲ್ಲಿ ಆ ಬೆಟ್ಟದ ಮೇಲೆ ಏನ್ ಕೆಲಸ?"

"ಅದು ಬೆಳಿಗ್ಗೆ," ರೂಪಾ ಬಾಗಿಲಿಂದಲೇ ಹೇಳಿದಳು.

"ನೀನು ಸುಮ್ಕಿರು," ಅಂದರು ಕೃಷ್ಣಪ್ಪ.

"ಬೆಳಿಗ್ಗೆನೇ ಸಾರ್," ಅಂದ ಮಂಜ. "ಕಲರ್ ನಾನು ಚೇಂಜ್ ಮಾಡಿದ್ದು. ಜನಕ್ಕೆ ಸನ್‌ಸೆಟ್ ಅಂದ್ರೆ ಇಷ್ಟ ಅಂತ."

"ಅಂದ್ರೆ ನೀನೇ ಸುಳ್ಳು ಬರೆಸಿದೆ ಅಂತೀಯ."

"ಸುಳ್ಳಲ್ಲ ಸಾರ್. ಅಡ್ವಟೈಸ್‌ಮೆಂಟು."

"ಬೆಳಿಗ್ಗೆದು ಇದ್ರೆ ತೋರ್ಸು ಮತ್ತೆ, ಬಣ್ಣ ಬಳಿದೇ ಇರೋದು."

ಇರಲಿಲ್ಲ. ಮಂಜನಿಗೆ ಮೂಲ ಇಟ್ಟುಕೊಳ್ಳುವ ಅಭ್ಯಾಸವೇ ಇರಲಿಲ್ಲ. ಬಣ್ಣ ಹಾಕಿದ ಪ್ರತಿಯನ್ನು ಉಳಿಸಿಕೊಂಡು ಕಾರ್ಡು ಅಳಿಸಿ, ಮುಂದಿನ ಕೆಲಸಕ್ಕೆ ಹಾಕಿಬಿಡುತ್ತಿದ್ದ. ಮೂಲ ಕಳೆದುಹೋಗಿ ತಿದ್ದಿದ ಪ್ರತಿ ಮಾತ್ರ ಉಳಿದಾಗ ಅದನ್ನು ಹೇಗೆ ಓದಬೇಕು ಎಂದು ನನಗೆ ಎರಡು ವರ್ಷ ಪಾಠ ಹೇಳಿದ್ದರು. ಆ ಪಾಠ ಆ ನಡುಮನೆಯಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

"ಬೆಳಿಗ್ಗೆನೇ," ಎಂದೆ ನಾನು. "ನಾನು ಅಲ್ಲೇ ಇದ್ದೆ. ಬೇಕಾದ್ರೆ ಬನ್ನಿ, ಜಾಗ ತೋರಿಸ್ತೀನಿ."

ದೊಡ್ಡಪ್ಪ ನನ್ನನ್ನು ನೋಡಿ ನಕ್ಕರು. ಆ ನಗುವಿನಲ್ಲಿ ಕೋಪವಿರಲಿಲ್ಲ. "ನೀವು ಪಕ್ಕದಲ್ಲಿ ನಿಂತಿರೋರು ಸ್ವಾಮಿ. ನೀವು ಹಂಗನ್ನದೆ ಇನ್ನೆಂಗಂತೀರ? ಬೆಟ್ಟ ಹತ್ತೋ ಕರ್ಮ ನಮಗ್ಯಾಕೆ. ನಾವು ನಾಳೆ ಬೆಟ್ಟದಲ್ಲಿ ಬಾಳ್ವೆ ಮಾಡಲ್ಲ, ಊರಲ್ಲಿ ಮಾಡ್ತೀವಿ. ಊರು ಬೋರ್ಡು ನೋಡೈತೆ."

ಕಾಫಿ ಬಂತು. ಅವರು ಕುಡಿದು ಎದ್ದರು. ಕಾಫಿ ಮುಟ್ಟದೆ ಹೋಗಿದ್ದರೆ ಜಗಳ ಎನ್ನಬಹುದಿತ್ತು. ಕುಡಿದು ಹೋದದ್ದರಿಂದ ಮುಗಿಯಿತು ಎಂದೇ ಅರ್ಥ.

ಫ್ಲೆಕ್ಸ್ ಆ ದಿನವೇ ಇಳಿಯಿತು. ಆದರೆ ಅಷ್ಟು ದಿನ ಬಸ್ ನಿಲ್ದಾಣದ ಮುಂದೆ ಹೋಗಿ ಬರುವಾಗಲೆಲ್ಲ ನಾನು ಅದನ್ನು ನೋಡಿದ್ದೆ. ನೋಡಬಾರದೆಂದುಕೊಂಡೂ ನೋಡಿದ್ದೆ. ಅದರಲ್ಲಿ ನಾನು ಬಯಸಿದ್ದು ನಡೆದೇಬಿಟ್ಟಂತೆ ಕಾಣುತ್ತಿತ್ತು. ಬಹುಶಃ ಆಗಲೇ ಆ ಕಿತ್ತಳೆ ಬೆಳಕು ನನ್ನ ತಲೆಯೊಳಗೆ ಇಳಿದಿರಬೇಕು. ಅದರ ಹಿಂದೆಯೇ ಕುರಿಗಳು ಇಳಿದು ಬಂದವು, ರೈಲು ದೀಪ ಹಚ್ಚಿಕೊಂಡಿತು. ಅಥವಾ ಅವು ನಿಜವಾಗಿಯೂ ಅಲ್ಲಿದ್ದವೇ? ಕೆಲವು ಸಂಜೆ ನಾನೂ ಮಂಜನೂ ಆ ಕಡೆಯ ಬೆಟ್ಟಗಳಿಗೆ ಹೋದದ್ದುಂಟು. ಯಾವತ್ತಾದರೂ ರೂಪಾ ಜೊತೆಗಿದ್ದಳೇ? ಮಂಜನನ್ನು ಕೇಳಿದೆ. "ಆ ವರ್ಷ ಎಷ್ಟು ಬೆಟ್ಟ ಹತ್ತಿದ್ವಿ ಗುರು, ಯಾವ್ದು ಯಾವಾಗ ಅಂತ ಯಾರಿಗೆ ಗೊತ್ತು," ಅಂದ. ನಡುಮನೆಯಲ್ಲಿ ಅಷ್ಟು ಖಚಿತವಾಗಿ ಬೆಳಿಗ್ಗೆ ಎಂದವನು ಇವನೇ. ಹಾಗಾದರೆ ನಾವಿಬ್ಬರೂ ಅವತ್ತು ಅವಳ ಮಾತನ್ನು ಹಿಡಿದು ಹೇಳಿದೆವಷ್ಟೆಯೇ?

ಒಂದು ವಾರ ಕಳೆದ ಮೇಲೆ ಪಾರ್ಲರಿಗೆ ಹೋದೆ. ಗಿರಾಕಿಗಳಿರಲಿಲ್ಲ. ಅವಳು ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ಪಕ್ಕದ ಗೋಡೆಯಾಚೆ ಮಗ್ಗ ಬಡಿಯುತ್ತಿತ್ತು. ಹೇಗೆ ಶುರುಮಾಡಬೇಕೆಂದು ಓಣಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಎಲ್ಲ ಬಿಟ್ಟು ನೇರವಾಗಿ ಕೇಳಿದೆ, ನನ್ನನ್ನು ಮದುವೆಯಾಗುತ್ತೀಯಾ ಎಂದು.

ಅವಳು ಬಾಚಣಿಗೆ ಕೊಡವಿ ಟವೆಲಿನ ಮೇಲಿಟ್ಟಳು.

"ಪಾಪ ಅಂತ ಕೇಳ್ತಿದೀರಾ?"

"ಇಲ್ಲ. ಮೊದಲಿಂದಲೂ ಕೇಳಬೇಕು ಅಂತಿದ್ದೆ."

"ಮೊದಲೇ ಕೇಳಿದ್ರೆ ಬೇರೆ ಮಾತು ಮೇಷ್ಟ್ರೇ." ಕೈ ಒರೆಸಿಕೊಂಡಳು. "ನಾನು ಎಲ್ಲರ ಮುಂದೆ ಬೆಳಿಗ್ಗೆ ಅಂದಿದೀನಿ. ಬೆಳಿಗ್ಗೆನೇ ಅದು. ಈಗ ನಿಮ್ಮನ್ನ ಮದುವೆ ಆದ್ರೆ ಸಾಯಂಕಾಲ ಆಗೋಗುತ್ತೆ."

ನಾನು ಬಾಗಿಲ ಕಡೆ ತಿರುಗಿದೆ.

"ನಿಮಗೆ ನೆನಪೈತೆ ತಾನೆ?" ಅವಳು ಕೇಳಿದಳು. "ಬೆಳಿಗ್ಗೆ ಅಂತ?"

"ಇದೆ," ಎಂದೆ.

ಅವಳು ನನ್ನ ಮುಖವನ್ನು, ಮದುಮಗಳ ಮುಖಕ್ಕೆ ಯಾವ ಬಣ್ಣ ಹೊಂದುತ್ತದೆ ಎಂದು ನೋಡುವವಳಂತೆ, ಕಣ್ಣು ಕಿರಿದು ಮಾಡಿ ನೋಡಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಬಾಚಣಿಗೆ ಕೈಗೆತ್ತಿಕೊಂಡಳು.

ಕಾರ್ತಿಕದಲ್ಲಿ ಅವಳ ಮದುವೆಯಾಯಿತು. ಹಿಂದೂಪುರದ ಕಡೆಯವರು, ಎರಡನೇ ಸಂಬಂಧ, ಮೊದಲ ಹೆಂಡತಿಯ ಮಗಳೊಬ್ಬಳಿದ್ದಾಳೆ. ಕಿರಾಣಿ ಅಂಗಡಿ. ಅಷ್ಟು ದೂರದಲ್ಲಿ ಯಾರೂ ಫ್ಲೆಕ್ಸ್ ನೋಡಿರಲಿಲ್ಲ, ಅದೇ ಆ ಸಂಬಂಧದ ಅನುಕೂಲ. ಪಾರ್ಲರ್ ವಿಷಯ ಯಾರೂ ಎತ್ತಲಿಲ್ಲವಂತೆ. ಮದುವೆಗೆ ಮಂಜನನ್ನಾಗಲಿ ನನ್ನನ್ನಾಗಲಿ ಕರೆಯಲಿಲ್ಲ. ಫೋಟೋಗ್ರಾಫರ್ ಯಾರು, ಅವಳಿಗೆ ಮೇಕಪ್ ಯಾರು ಮಾಡಿದರು, ಒಂದೂ ತಿಳಿಯಲಿಲ್ಲ. ಅವಳ ಕೋಣೆಯಲ್ಲಿ ಈಗ ಕೊರಿಯರ್‌ನವರು ಡಬ್ಬಗಳನ್ನು ಪೇರಿಸಿಟ್ಟಿದ್ದಾರೆ.

ಮಂಜನಿಗೆ ಆ ಫೋಟೋ ಒಳ್ಳೆಯದನ್ನೇ ಮಾಡಿತು. ಫ್ಲೆಕ್ಸ್ ಇಳಿಸಿದರೂ ಜನ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದರು. 'ಈ ಜಾಗ ಎಲ್ಲಿ' ಎಂದು ಕೇಳಿಕೊಂಡು ಬಂದರು. ಒಂದೊಂದು ದಿನ ಅದೇ ಬಂಡೆಯ ಮೇಲೆ ಸರದಿಯಲ್ಲಿ ಜೋಡಿಗಳು ನಿಂತವು. ನನಗೆ ಸಂಕ್ರಾಂತಿಯ ಹೊತ್ತಿಗೆ ಬೇರೊಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆ ರಸ್ತೆಗೆ ಹೋಗುವುದನ್ನೇ ಬಿಟ್ಟೆ. ಒಮ್ಮೆ ಹೋಗಿ ನಿಂತು ನೋಡಿದ್ದರೆ ಮುಗಿಯುತ್ತಿತ್ತು, ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಲ್ಲಿ ಮುಳುಗುತ್ತಾನೆ ಎಂಬುದಕ್ಕೆ ಯಾರ ಸಾಕ್ಷಿಯೂ ಬೇಕಿಲ್ಲ. ಹೋಗಲಿಲ್ಲ. ಹೋಗಿ ನೋಡಿ, ಫೋಟೋದಲ್ಲಿದ್ದ ಆ ಬೆಟ್ಟಗಳ ಸಂದು ಪಶ್ಚಿಮಕ್ಕಿದ್ದರೆ? ಆಗ ಅವಳು ಸುಳ್ಳು ಹೇಳಿದಳೆಂದಾಗುತ್ತಿತ್ತು, ನಾನೂ ಹೇಳಿದೆನೆಂದಾಗುತ್ತಿತ್ತು. ಆ ನಗುವ ದೊಡ್ಡಪ್ಪ ಸರಿ ಎಂದಾಗುತ್ತಿತ್ತು. ಎಲ್ಲವನ್ನೂ ಪರೀಕ್ಷಿಸಬೇಕು ಎಂದು ತರಗತಿಯಲ್ಲಿ ಹೇಳುತ್ತಲೇ ಇದೊಂದನ್ನು ಪರೀಕ್ಷಿಸದೆ ಉಳಿಸಿಕೊಂಡೆ.

ಈ ಆಷಾಢದಲ್ಲಿ ಆ ಬೋರ್ಡು ಕಂಡ ಮೇಲೆ ಬಾಣದ ಗುರುತು ಹಿಡಿದು ಹತ್ತಿದೆ. ಬುಡದಲ್ಲಿ ಮ್ಯಾಗಿ, ಜೋಳ ಮಾರುವ ತಳ್ಳುಗಾಡಿ. ಬಂಡೆಗೆ ಯಾರೋ ಹೃದಯದ ಚಿತ್ರ ಬಳಿದಿದ್ದಾರೆ. ಸಂಜೆಯಾಗುತ್ತಿತ್ತು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಅವರ ಕ್ಯಾಮೆರಾದವನು ಸಿಡುಕಿಕೊಂಡು ನಿಂತಿದ್ದರು.

"ಸನ್‌ಸೆಟ್ ಎಲ್ಲಿ ಅಂಕಲ್?" ಹುಡುಗ ನನ್ನನ್ನು ಕೇಳಿದ. "ಮ್ಯಾಪಲ್ಲಿ ಬೇರೆ ತರ ಐತೆ."

ಅವನ ಮೊಬೈಲಿನಲ್ಲಿ ಆ ಜಾಗದ ಹೆಸರಿನ ಕೆಳಗೆ ನಮ್ಮ ಫೋಟೋ ಇತ್ತು. ಕಿತ್ತಳೆ ಆಕಾಶ, ಒಂದು ಗೇಣಿನ ಅಂತರ, ಎರಡು ಬೆಟ್ಟಗಳ ಸಂದಿನಲ್ಲಿ ಸೂರ್ಯ. ಬಲಗಡೆಯ ಬೆಟ್ಟದ ತಲೆಯ ಮೇಲೆ ವಾಲಿದ ಒಂದು ಗುಂಡುಕಲ್ಲು. ಅವನು ನನ್ನನ್ನು ಗುರುತಿಸಲಿಲ್ಲ. ಅವರ ಎದುರಿಗೆ ಸೂರ್ಯ ನೀಲಗಿರಿ ತೋಪಿನ ಹಿಂದೆ ಮಬ್ಬಾಗಿ ಇಳಿಯುತ್ತಿದ್ದ. ಸಂದೂ ಇಲ್ಲ, ಗುಂಡೂ ಇಲ್ಲ. ಆದರೂ ಅನುಮಾನ ಬಂತು. ತೋಪು ಇತ್ತೀಚೆಗೆ ಬೆಳೆದು ಬೆಟ್ಟಗಳನ್ನು ಮುಚ್ಚಿರಬಹುದಲ್ಲ?

"ಬೆಳಿಗ್ಗೆ ಬಂದು ನೋಡಿ," ಎಂದೆ.

"ಸನ್‌ಸೆಟ್ ನೋಡಕ್ಕೆ ಬೆಳಿಗ್ಗೆ ಬರ್ಬೇಕಾ?" ಹುಡುಗಿ ನಕ್ಕಳು. ಕ್ಯಾಮೆರಾದವನೂ ನಕ್ಕ. "ನಿಲ್ರೋ, ಎಡಿಟಿಂಗಲ್ಲಿ ಹಾಕೋಣ," ಅಂದ.

ಮರುದಿನ ಕತ್ತಲಲ್ಲೇ ಹೊರಟು ಹೋದೆ. ಮೋಡ, ಏನೂ ಕಾಣಲಿಲ್ಲ. ಮತ್ತೊಂದು ದಿನವೂ ಮೋಡ. ಮೂರನೆಯ ಸಲ ಪೂರ್ವ ತಿಳಿಯಾಗಿತ್ತು. ಹುಲ್ಲಿನ ನೀರು ಪ್ಯಾಂಟಿಗೆ ಹತ್ತಿತು. ಬಂಡೆಯ ಮೇಲೆ ನಾನು ಅವತ್ತು ನಿಂತಿದ್ದ ಜಾಗದಲ್ಲಿ ನಿಂತು, ಮೊಬೈಲಿನಲ್ಲಿ ಆ ಫೋಟೋ ತೆರೆದು ಎದುರಿಗೆ ಹಿಡಿದುಕೊಂಡೆ. ನಂದಿಯ ಕಡೆಯ ಸಾಲಿನಲ್ಲಿ ಎರಡು ಬೆಟ್ಟಗಳು ಮೆಲ್ಲಗೆ ಬೇರೆಬೇರೆಯಾದವು. ಬಲಗಡೆಯದರ ತಲೆಯ ಮೇಲೆ ವಾಲಿದ ಗುಂಡು ಕಾಣಿಸಿತು. ನೋಡುತ್ತಿದ್ದಂತೆ ಅವುಗಳ ನಡುವಿನ ಸಂದಿನಲ್ಲಿ ಸೂರ್ಯ ಮೇಲೆ ಬಂದ.

ಅದು ಬೆಳಿಗ್ಗೆಯೇ.